ಅಕ್ಷಿಪಟಲ ‘ಕಳಚುವುದು’ ಸರಿಯೇ? ಬೇರೆ ಕ್ರಿಯಾಪದ ಬೇಕಾಗಿದೆ

ಪದಾಸಕ್ತ ಮಿತ್ರರೇ,

ಕಣ್ಣಿನ ಒಳಭಾಗದ ರೋಗಗಳ ಬಗ್ಗೆ ರೋಗಿಗಳು ಓದಲೆಂದು ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಒಂದು ಕ್ರಿಯಾಪದದ ಬಳಿ ಕೆಲಸ ನಿಂತಿದೆ. ಕಣ್ಣಿನ ಹಿಂಬದಿಯ ಒಳಗೋಡೆಗೆ ಅಂಟಿರುವ, ಬೆಳಕನ್ನು ಗ್ರಹಿಸುವ ಪದರವೇ ಅಕ್ಷಿಪಟಲ (ರೆಟಿನಾ). ಅದು ಆ ಗೋಡೆಯಿಂದ ಬಿಟ್ಟುಬರುವ ರೆಟಿನಲ್ ಡಿಟ್ಯಾಚ್‌ಮೆಂಟ್ ಎಂಬುದನ್ನು ‘ಅಕ್ಷಿಪಟಲ ಕಳಚುವಿಕೆ’ ಎಂದು ಬರೆಯುವುದುಂಟು. ವ್ಯಾಕರಣದಲ್ಲಿ ತಪ್ಪಿಲ್ಲ, ನಿಘಂಟಿನ ಅರ್ಥದಲ್ಲೂ ತಪ್ಪಿಲ್ಲ. ಆದರೂ ಅದು ಅಪಾಯಕಾರಿ ಅನುವಾದ ಎಂದು ನನಗನ್ನಿಸುತ್ತದೆ.

ನನ್ನ ಚಿಕ್ಕಮ್ಮನಿಗೆ ತಪಾಸಣೆಯ ಬಳಿಕ ಕೊಟ್ಟ ಚೀಟಿಯಲ್ಲಿ ಇದೇ ಮಾತಿತ್ತು. ‘ಪೊರೆ ತಾನಾಗಿಯೇ ಕಳಚಿತಂತೆ, ಇನ್ನು ಆಪರೇಷನ್ ಬೇಡ’ ಎಂದು ಅವರು ನಿರಾಳರಾಗಿಬಿಟ್ಟರು. ಮನೆಯವರಿಗೆ ವಿಷಯ ಗೊತ್ತಾಗುವ ಹೊತ್ತಿಗೆ ನಾಲ್ಕು ದಿನ ಕಳೆದು, ನೋಟದ ನಡುಭಾಗವೂ ಮಸುಕಾಗಿತ್ತು. ತಪ್ಪು ಅವರದಲ್ಲ. ಕನ್ನಡದಲ್ಲಿ ಕಣ್ಣಿನ ಪೊರೆ ಎಂದರೆ ಮಸೂರ ಮಬ್ಬಾಗುವ ಕಾಯಿಲೆ. ಪೊರೆ ಹೋದರೆ ನೋಟ ಮರಳುತ್ತದೆ. ಮನಸ್ಸಿಗೆ ತಿಳಿವು ಮೂಡಿದಾಗಲೂ ‘ಕಣ್ಣಿನ ಪೊರೆ ಕಳಚಿತು’ ಎನ್ನುತ್ತೇವೆ. ಹಾವು ಪೊರೆ ಕಳಚಿ ಹೊಸ ಮೈ ಪಡೆಯುತ್ತದೆ. ಹೀಗೆ ಕಣ್ಣಿನ ಜೊತೆ ಸೇರಿದ ‘ಕಳಚು’ ನಮ್ಮ ಕಿವಿಗೆ ಶುಭವಾರ್ತೆ. ವೈದ್ಯರ ಬಾಯಲ್ಲಾದರೆ ಅದು ದಿನಗಳನ್ನು, ಕೆಲವೊಮ್ಮೆ ಗಂಟೆಗಳನ್ನು ಎಣಿಸಬೇಕಾದ ತುರ್ತು.

ಒಳಗೆ ನಡೆಯುವುದನ್ನು ನೋಡಿದರೆ ಕ್ರಿಯಾಪದ ಸಿಕ್ಕೀತು. ಕಣ್ಣುಗುಡ್ಡೆಯ ಒಳಗನ್ನು ಲೋಳೆಯಂಥ ತಿಳಿಯಾದ ವಸ್ತು ತುಂಬಿರುತ್ತದೆ. ವಯಸ್ಸಾದಂತೆ ಅದು ನೀರಾಗುತ್ತ, ಕುಗ್ಗುತ್ತ, ಹಿಂಬದಿಯ ಅಕ್ಷಿಪಟಲದಿಂದ ಬಿಡಿಸಿಕೊಳ್ಳುತ್ತದೆ. ಬಹುಪಾಲು ಜನರಲ್ಲಿ ಅಷ್ಟಕ್ಕೇ ಮುಗಿಯುತ್ತದೆ. ಕೆಲವರಲ್ಲಿ ಮಾತ್ರ ಗಟ್ಟಿಯಾಗಿ ಅಂಟಿದ ಜಾಗದಲ್ಲಿ ಅದು ಅಕ್ಷಿಪಟಲವನ್ನು ಎಳೆದು ಸೀಳುತ್ತದೆ. ಸೀಳಿನೊಳಗೆ ನೀರು ಇಳಿದು, ತೇವಕ್ಕೆ ಗೋಡೆಯ ಗಾರೆ ಉಬ್ಬಿ ಬರುವಂತೆ ಅಕ್ಷಿಪಟಲ ಎದ್ದು ಬರುತ್ತದೆ. ಸೀಳೇ ಮೂಲ, ಅದನ್ನು ಮುಚ್ಚಿದರೆ ಕಣ್ಣು ಉಳಿಯುತ್ತದೆ ಎಂದು ತೋರಿಸಿಕೊಟ್ಟವರು ಸ್ವಿಟ್ಜರ್ಲೆಂಡಿನ ಜೂಲ್ಸ್ ಗೋನಿನ್. 1920ರ ದಶಕದವರೆಗೂ ಈ ರೋಗ ಬಂದ ಕಣ್ಣು ಹೋದಂತೆಯೇ ಎಂಬ ಭಾವನೆಯಿತ್ತು.

ತೊಡಕು ಇನ್ನೊಂದಿದೆ. ಲೋಳೆ ಬಿಡಿಸಿಕೊಳ್ಳುವುದಕ್ಕೂ ಅಕ್ಷಿಪಟಲ ಎದ್ದು ಬರುವುದಕ್ಕೂ ಇಂಗ್ಲಿಷಿನಲ್ಲಿ ಡಿಟ್ಯಾಚ್‌ಮೆಂಟ್ ಎಂಬ ಒಂದೇ ಹೆಸರು. ಮೊದಲನೆಯದು ವಯೋಸಹಜ, ಎರಡನೆಯದು ವಿಪತ್ತು. ಆ ಗೊಂದಲವನ್ನು ನಾವೇಕೆ ಎರವಲು ತರಬೇಕು? ‘ಲೋಳೆ ಸರಿದಿದೆ’, ‘ಅಕ್ಷಿಪಟಲ ಗೋಡೆ ಬಿಟ್ಟು ಎದ್ದಿದೆ’ ಎಂದು ಎರಡು ಕ್ರಿಯಾಪದಗಳನ್ನು ಬಳಸೋಣ ಎಂಬುದು ನನ್ನ ಸೂಚನೆ. ‘ಬೇರ್ಪಟ್ಟಿದೆ’ ಎಂಬುದನ್ನೂ ಪರಿಶೀಲಿಸಿದೆ. ಅದರಲ್ಲಿ ತಪ್ಪು ತಿಳಿವಳಿಕೆಗೆ ಎಡೆಯಿಲ್ಲ, ಆದರೆ ಚಿತ್ರವೂ ಇಲ್ಲ.

ಮುನ್ಸೂಚನೆಗಳ ವರ್ಣನೆಯಲ್ಲೂ ನಮ್ಮ ನುಡಿಗಟ್ಟುಗಳು ಅಡ್ಡ ಬರುತ್ತಿವೆ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಎಳೆತ ಬಿದ್ದರೆ ಬೆಳಕು ಬಿದ್ದಂತೆಯೇ ಅದು ಸುದ್ದಿ ಕಳಿಸುತ್ತದೆ. ಹಾಗಾಗಿ ಕತ್ತಲಲ್ಲೂ ಅಂಚಿನಲ್ಲಿ ಮಿಂಚು ಹೊಳೆದಂತೆ ಕಾಣುತ್ತದೆ. ಅದನ್ನು ‘ಕಣ್ಣಲ್ಲಿ ಮಿಂಚು’ ಎಂದು ಬರೆದರೆ ಓದುವವರಿಗೆ ಸಂತೋಷದಿಂದ ಹೊಳೆಯುವ ಮುಖ ನೆನಪಾಗುತ್ತದೆ. ನೋಟದ ಒಂದು ಬದಿಯಿಂದ ನೆರಳು ಆವರಿಸುವುದನ್ನು ‘ಕಣ್ಣಿಗೆ ಕತ್ತಲೆ ಕವಿಯುವುದು’ ಎಂದರೆ ತಲೆಸುತ್ತು ಎಂದುಕೊಳ್ಳುತ್ತಾರೆ. ‘ಒಂದೇ ಕಣ್ಣಿನಲ್ಲಿ, ಒಂದು ಬದಿಯಿಂದ ಪರದೆ ಎಳೆದಂತೆ’ ಎಂದು ಬಿಡಿಸಿ ಬರೆದಿದ್ದೇನೆ. ಇದಕ್ಕಿಂತ ಚಿಕ್ಕದಾಗಿ ಹೇಳಬಲ್ಲವರು ತಿಳಿಸಿ.

ಚುಕ್ಕೆಗಳದು ಮತ್ತೊಂದು ಪಾಡು. ಕಣ್ಣೆದುರು ತೇಲುವುದೂ ಚುಕ್ಕೆ. ಮ್ಯಾಕ್ಯುಲಾ ಎಂಬ ಅತಿ ಸೂಕ್ಷ್ಮ ನೋಟದ ಜಾಗಕ್ಕೂ ‘ಹಳದಿ ಚುಕ್ಕೆ’. ನರ ಹೊರಟ ಜಾಗಕ್ಕೆ ‘ಕುರುಡು ಚುಕ್ಕೆ’. ‘ಹಳದಿ ಚುಕ್ಕೆಯ ಕಾಯಿಲೆ’ ಎಂದರೆ ಕಣ್ಣಲ್ಲಿ ಹಳದಿ ಕಲೆ ಬೀಳುವ ರೋಗವೆಂದು ತಿಳಿಯುವವರಿದ್ದಾರೆ. ಇಲ್ಲಿ ‘ಮ್ಯಾಕ್ಯುಲಾ’ ಎಂದೇ ಉಳಿಸುವುದು ಲೇಸು. ತೇಲುವವಕ್ಕೆ ಲ್ಯಾಟಿನ್‌ನಲ್ಲಿ ‘ಹಾರುವ ನೊಣಗಳು’ ಎಂಬ ಹಳೆಯ ಹೆಸರಿದೆ. ನಮ್ಮವರೂ ‘ಸೊಳ್ಳೆ ಹಾರಿದಂತೆ’ ಎನ್ನುತ್ತಾರೆ. ಒಮ್ಮೆಲೇ ಸೊಳ್ಳೆಯ ಹಿಂಡೇ ಬಂದಂತಾದರೆ ಅದೇ ದಿನ ಪಾಪೆ ಹಿಗ್ಗಿಸುವ ಹನಿ ಹಾಕಿಸಿ ಪರೀಕ್ಷೆ ಮಾಡಿಸಬೇಕು ಎಂಬ ವಾಕ್ಯವನ್ನು ದಪ್ಪಕ್ಷರದಲ್ಲಿ ಹಾಕಿದ್ದೇನೆ. ಅಕ್ಷಿಪಟಲ ಇನ್ನೂ ಎದ್ದಿಲ್ಲದ, ಬರೀ ಸೀಳಾದ ಹಂತದಲ್ಲಿ ಸಿಕ್ಕರೆ ಸೀಳಿನ ಸುತ್ತಲೂ ಲೇಸರ್ ಬೆಸುಗೆ ಹಾಕಿ ತಡೆಯುವುದು ಸಾಧ್ಯ. ‘ಬೆಸುಗೆ’ ಇಲ್ಲಿ ಎಷ್ಟು ಚೆನ್ನಾಗಿ ಹೊಂದುತ್ತದೆ!

ಇನ್ನು ಹೆಸರಿನ ಪ್ರಶ್ನೆ. ರೆಟಿನಾ ಎಂಬುದರ ಮೂಲ ಲ್ಯಾಟಿನ್ನಿನ ಬಲೆ. ‘ಪಟಲ’ ಎಂದರೆ ಹೊದಿಕೆ. ಸುಶ್ರುತ ಸಂಹಿತೆ ಹೇಳುವ ಪಟಲಗಳು ಆರು: ರೆಪ್ಪೆಯಲ್ಲಿ ಎರಡು, ಕಣ್ಣಿನಲ್ಲಿ ನಾಲ್ಕು. ಹಾಗಾಗಿ ‘ಅಕ್ಷಿಪಟಲ’ವನ್ನು ಒಂದೇ ಪದರಕ್ಕೆ ಕಟ್ಟಿಹಾಕಿದ್ದು ನಮ್ಮ ಕಾಲದ ರೂಢಿ. ಪಠ್ಯಪುಸ್ತಕಗಳಿಂದ ಅದು ಬೇರೂರಿದೆ, ಕದಲಿಸಬೇಕಿಲ್ಲ. ತಮಿಳಿನವರು ‘ವಿಳಿತ್ತಿರೈ’, ಅಂದರೆ ಕಣ್ಣಿನ ತೆರೆ, ಎನ್ನುತ್ತಾರೆ. ಆಸೆಯಾಗುತ್ತದೆ, ಆದರೆ ನಮ್ಮಲ್ಲಿ ‘ಕಣ್ತೆರೆ’ ಎಂದರೆ ಕಣ್ಣು ಬಿಡು ಎಂದಾಗುತ್ತದೆ.

ಕಣ್ಣೊಳಗಿನ ಆ ಲೋಳೆಗೆ ಇಂಗ್ಲಿಷಿನಲ್ಲಿ ವಿಟ್ರಿಯಸ್ ಎನ್ನುತ್ತಾರೆ. ವಿಟ್ರಿಯಸ್‌ಗೆ ‘ಗಾಜಿನಂಥ ದ್ರವ’ ಎಂಬ ಪದಶಃ ಅನುವಾದವನ್ನು ಓದಿದ ಒಬ್ಬರು ‘ಕಣ್ಣಿನಲ್ಲಿ ಗಾಜು ಹೇಗೆ ಬಂತು’ ಎಂದು ಗಾಬರಿಯಿಂದ ಕೇಳಿದರು. ಬರೀ ‘ಲೋಳೆ’ ಎಂದರೆ ಪಿಸುರು ಎಂದುಕೊಂಡಾರೆಂಬ ಅಳುಕು. ‘ಒಳಲೋಳೆ’ ಎಂದು ಸದ್ಯಕ್ಕೆ ಬರೆದಿದ್ದೇನೆ.

ನನ್ನ ಪ್ರಶ್ನೆಗಳು ಎರಡೇ. ‘ಗೋಡೆ ಬಿಟ್ಟು ಎದ್ದಿದೆ’ ಎಂಬುದನ್ನು ಕಣ್ಣಿನ ವಿಷಯದಲ್ಲಿ ಓದಿದಾಗ ನಿಮಗೆ ಮೊದಲು ಹೊಳೆಯುವುದೇನು? ‘ಒಳಲೋಳೆ’ಗಿಂತ ಚೆನ್ನಾದ, ಜನರ ಬಾಯಲ್ಲಿ ಈಗಾಗಲೇ ಇರುವ ಪದ ಯಾವುದಾದರೂ ಇದೆಯೇ? ನಿಮ್ಮ ಮನೆಯ ಹಿರಿಯರನ್ನೂ ಕೇಳಿ ಬರೆಯಿರಿ. ಈ ಹೊತ್ತಿಗೆಯನ್ನು ಓದಬೇಕಾದವರು ಅವರೇ.