ಪದಚರ್ಚೆ: ಬಿಯರಿನ ರುಚಿಗೆ ಕಹಿ, ಒಗರು, ಚೊಗರು, ಯಾವುದು ಎಲ್ಲಿ?

ಎಲ್ಲರಿಗೂ ನಮಸ್ಕಾರ,

ಕಹಿ ಬೇರೆ ಒಗರು ಬೇರೆ ಅಂತ ನಮಗ್ಯಾರೂ ಹೇಳಿಕೊಡಬೇಕಾಗಿಲ್ಲ, ಹಾಗಲಕಾಯಿ ಕಹಿ, ಎಳೆ ಬಾಳೆಕಾಯಿ ಒಗರು, ಸಣ್ಣ ಮಕ್ಕಳಿಗೂ ಗೊತ್ತು. ಆದ್ರೆ ಬಿಯರ್ ವಿಷಯ ಬಂದ ತಕ್ಷಣ ಎಲ್ಲರೂ ಎಲ್ಲದಕ್ಕೂ "ಕಹಿ" ಅಂದು ಮುಗಿಸಿಬಿಡ್ತಾರೆ. ಈ ಬೇಸಿಗೆಲಿ ನಾವು ಕಾರವಾರದ ಕೆಲವರು, ಜೊತೆಗೆ ಶಿರಸಿಯಿಂದ ಬಂದ ಒಬ್ಬ ಗೆಳೆಯ, ಗಡಿ ದಾಟಿ ಗೋವಾದ ಪಾಳೋಳೆಂ ಕಡೆ ಹೋದಾಗ ಬೇರೆ ಬೇರೆ ಕ್ರಾಫ್ಟ್ ಬಿಯರ್ (ಸಣ್ಣ ತಯಾರಕರು ಮಾಡೋದು) ತರಿಸಿ ಸಾವಕಾಶ ರುಚಿ ನೋಡ್ತಾ ಕೂತಿದ್ವಿ, ಪ್ರತಿಯೊಂದರ ರುಚಿನೂ ಕನ್ನಡದಲ್ಲೇ ಹೇಳ್ಬೇಕು ಅಂತ ಮಾತಾಗಿತ್ತು. ನೊರೆ, ಘಮ, ಹುಳಿ ಎಲ್ಲ ಸಲೀಸಾಗಿ ಬಂತು, ಪೇಲ್ ಏಲ್ ಅನ್ನೋ ತಿಳಿ ಬಣ್ಣದ ಬಿಯರ್ ಹತ್ರ ಬಂದಾಗ ಮಾತ್ರ ಜಗಳ ಶುರು ಆಯ್ತು.

ನಾನು ಕಹಿ ಅಂದೆ. ಶಿರಸಿಯವ ಇನ್ನೊಂದು ಗುಟುಕು ಕುಡಿದು, ನಾಲಿಗೆನ ಅಂಗುಳಕ್ಕೆ ತಾಗಿಸಿ ತಾಗಿಸಿ ನೋಡಿ, "ಕಹಿ ಮೊದ್ಲೇ ಹೋತಲ ಮಾರಾಯ, ಈಗ ಉಳದ್ದು ಚೊಗರು" ಅಂದ. ಅವ ಹೇಳಿದ್ದು ಸರಿ ಇತ್ತು. ನುಂಗಿದ ಮೇಲೆ ಬಾಯೊಳಗೆ ಒಂಥರಾ ಒಣಗಿದ ಹಾಗೆ, ಹಲ್ಲಿಗೆ ನಾಲಿಗೆ ತಾಗಿದ್ರೆ ದೊರಗು ದೊರಗು, ಇದು ಕಹಿ ಅಲ್ಲವೇ ಅಲ್ಲ.

ಬಿಯರ್ ಮಾಡುವ ಕೆಲಸದಲ್ಲೂ ಇವೆರಡೂ ಬರೋ ದಾರಿ ಬೇರೆ ಬೇರೆ. ಕಹಿ ಬರೋದು ಹಾಪ್ಸ್ ಅನ್ನೋ ಬಳ್ಳಿಯ ಹೂವಿನಿಂದ, ಅದನ್ನ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಂಥ ಕಾಳಿನ) ರಸದ ಜೊತೆ ಹೆಚ್ಚು ಹೊತ್ತು ಕುದಿಸಿದಷ್ಟೂ ಕಹಿ ಬಿಡ್ತದೆ, ಕುದಿ ಮುಗಿಯೋ ಹೊತ್ತಿಗೆ ಹಾಕಿದ್ರೆ ಕಹಿ ಕಮ್ಮಿ, ಘಮ ಜಾಸ್ತಿ. ಒಗರು ಬರೋದು ಟ್ಯಾನಿನ್ ಅನ್ನೋ ಅಂಶದಿಂದ. ಬಾರ್ಲಿಯ ಹೊಟ್ಟಿನಲ್ಲಿ ಅದು ಇದ್ದೇ ಇದೆ, ಮಾಲ್ಟ್ ತೊಳೆಯೋ ನೀರು 77 ಡಿಗ್ರಿ ದಾಟಿ ಬಿಸಿ ಆದ್ರೆ ಹೊಟ್ಟಿನ ಒಗರೆಲ್ಲ ಬಿಯರಿಗೆ ಇಳಿಯೋಕೆ ಶುರು ಆಗ್ತದೆ ಅಂತ ತಯಾರಿಸೋರು ಎಚ್ಚರ ವಹಿಸ್ತಾರೆ. ಆಮೇಲೆ ಕುದಿಸದೇ, ತಣ್ಣಗಿನ ಬಿಯರಿಗೇ ಹಾಪ್ಸ್ ಸುರಿಯೋ ಪದ್ಧತಿ ಇದೆ, ಅದರಿಂದಲೂ ಒಂದಿಷ್ಟು ಒಗರು ಸೇರ್ಕೊಳ್ತದೆ, ನಾವು ಕುಡಿದ ಪೇಲ್ ಏಲ್ ಆ ಜಾತಿದು. ಹಾಗಾಗಿ ಎರಡಕ್ಕೂ ಒಂದೇ ಪದ ಹಾಕಿದ್ರೆ ರುಚಿ ಹೇಳಿದ ಹಾಗೆ ಆಗೋದಿಲ್ಲ.

ಈಗ ಚೊಗರು ವಿಷಯ. ಶಿರಸಿ ಸಿದ್ದಾಪುರದ ಕಡೆಯವರಿಗೆ ಇದು ಮೊದಲು ಅಡಿಕೆಯ ಪದ. ಸುಲಿದ ಹಸಿ ಅಡಿಕೆನ ಹಂಡೆಲಿ ಬೇಯಿಸಿದಾಗ ಉಳಿಯೋ ಕೆಂಪು ಕಂದು ಬಣ್ಣದ ನೀರು ಚೊಗರು, ಅದರಲ್ಲೇ ಮತ್ತೆ ಮತ್ತೆ ಬೇಯಿಸಿದ ಹಾಗೆ ಗಟ್ಟಿ ಆಗ್ತಾ ಹೋಗ್ತದೆ, ಅಡಿಕೆಗೆ ಬಣ್ಣ ಕಟ್ಟೋಕೆ ಅದನ್ನೇ ಬಳಸ್ತಾರೆ, ಬಟ್ಟೆಗೆ ಬಿದ್ರೆ ಕಲೆ ಹೋಗೋದಿಲ್ಲ. ಅದೇ ಪದ ರುಚಿಗೂ ನಡೀತದೆ, ಬಾಯಿ ಚೊಗರಾಯ್ತು ಅಂತ. ಕಾರವಾರದ ನಮ್ಮಲ್ಲಿ ಮನೆಮಾತು ಕೊಂಕಣಿ ಇರೋ ಇಬ್ಬರು ಈ ಪದವನ್ನ ಕೇಳೇ ಇರಲಿಲ್ಲ, ಅವರು ಮರಾಠಿಯ "ತುರಟ" ಅಂದ್ರು, ಅರ್ಥ ಕರೆಕ್ಟಾಗಿ ಕೂತಿತು.

ನನಗೆ ಹಿಡಿಸಿದ್ದು ಇನ್ನೊಂದು. ಸಂಸ್ಕೃತದ ಆರು ರಸಗಳಲ್ಲಿ ತಿಕ್ತ ಅಂದ್ರೆ ಕಹಿ, ಕಷಾಯ ಅಂದ್ರೆ ಒಗರು. ಆ ಕಷಾಯಕ್ಕೂ ಕುದಿಸಿ ಇಳಿಸಿದ ರಸ ಅನ್ನೋ ಅರ್ಥ ಇದೆ, ಕೆಂಪು ಕಂದು ಬಣ್ಣ ಅನ್ನೋ ಅರ್ಥನೂ ಇದೆ, ಕಾಷಾಯ ವಸ್ತ್ರ ಬಂದಿದ್ದು ಅಲ್ಲಿಂದ. ಅಂದ್ರೆ ರುಚಿ, ಕುದಿಸಿದ ನೀರು, ಬಣ್ಣ ಮೂರೂ ಒಂದೇ ಪದದಲ್ಲಿ. ಚೊಗರಿನಲ್ಲೂ ಮೂರೂ ಹಾಗೇ ಸೇರಿಕೊಂಡಿವೆ! ಇವತ್ತು ಕಷಾಯ ಅಂದ್ರೆ ನಮಗೆ ಜೀರಿಗೆ ಕೊತ್ತಂಬರಿ ಹಾಲು ಬೆಲ್ಲ ಅಷ್ಟೇ, ರುಚಿಯ ಅರ್ಥ ಆಡುಮಾತಿಂದ ಹೋಗಿಬಿಟ್ಟಿದೆ, ಅಡಿಕೆ ಮನೆಯ ಅಂಗಳದಲ್ಲಿ ಚೊಗರು ಮಾತ್ರ ಎಲ್ಲವನ್ನೂ ಉಳಿಸಿಕೊಂಡಿದೆ. ಹಾಗಾಗಿ ಈ ಪದ ಬಿಯರಿಗೆ ಬೇಕೇ ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಕರಾವಳಿಯ ಏಪ್ರಿಲ್ ಮೇ ಸೆಕೆಗೆ ಯಾವ ಬಿಯರ್ ಒಗ್ತದೆ ಅನ್ನೋದಕ್ಕೂ ಈ ಪದದಿಂದ ಉತ್ತರ ಸಿಗ್ತದೆ. ಗೋಧಿಗೆ ಬಾರ್ಲಿ ಥರ ಹೊಟ್ಟು ಅಂಟಿಕೊಂಡಿರೋದಿಲ್ಲ, ಜರ್ಮನಿಯ ಗೋಧಿ ಬಿಯರಲ್ಲಿ ಅರ್ಧಕ್ಕರ್ಧವಾದ್ರೂ ಗೋಧಿ ಮಾಲ್ಟ್ ಇರ್ಬೇಕು, ಹಾಪ್ಸೂ ಕಮ್ಮಿ, ಹಾಗಾಗಿ ಚೊಗರು ಹೆಚ್ಚುಕಮ್ಮಿ ಇಲ್ಲ. ಮೂಗು ಹತ್ರ ತಂದ್ರೆ ಕಳಿತ ಬಾಳೆಹಣ್ಣು, ಹಿಂದಿನಿಂದ ಲವಂಗ, ಎರಡನ್ನೂ ಯಾರೂ ಹಾಕಿದ್ದಲ್ಲ, ಯೀಸ್ಟ್ ತಾನೇ ಹುಟ್ಟಿಸೋ ಘಮ ಅದು. ಬೆಲ್ಜಿಯಂನ ಬಿಳಿ ಬಿಯರಿಗೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ನಿಜವಾಗಿ ಹಾಕ್ತಾರೆ. ಆ ಬಿಯರ್ ಮಾಡೋದೇ ನಿಂತು ಹೋಗಿತ್ತು, ಹೂಗಾರ್ಡನ್ ಊರಲ್ಲಿ ಪಿಯೇರ್ ಸೆಲಿಸ್ ಅನ್ನೋ ಹಾಲು ಮಾರುವವರು 1966ರಲ್ಲಿ ಮತ್ತೆ ಶುರು ಮಾಡಿದ್ರು. ಲೈಪ್‌ಜಿಗ್ ಕಡೆಯ ಗೋಜ಼ ಅನ್ನೋದರಲ್ಲಂತೂ ಹುಳಿ, ಉಪ್ಪು, ಕೊತ್ತಂಬರಿ ಮೂರೂ ಇವೆ, ಬಾಯಿಗಿಟ್ರೆ ಉಪ್ಪು ಹಾಕಿದ ಮುರುಗಲ ಪಾನಕ ಕುಡಿದ ಹಾಗೆ, ಬಾಂಗಡೆ ಫ್ರೈ ಜೊತೆ ಅದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ.

ಒಂದು ಮಾತು, ಇದನ್ನೆಲ್ಲ ತೀರಾ ಐಸ್ ಮಾಡಿ ಕುಡಿದ್ರೆ ನಾಲಿಗೆ ಮರಗಟ್ಟಿ ಘಮನೂ ತಿಳಿಯೋದಿಲ್ಲ ರುಚಿನೂ ತಿಳಿಯೋದಿಲ್ಲ. ಫ್ರಿಜ್ಜಿಂದ ತೆಗೆದು ಸ್ವಲ್ಪ ಹೊತ್ತು ಬಿಡಿ, ಅವಸರ ಬೇಡ.

ಈಗ ಬಲ್ಲವರಲ್ಲಿ ನನ್ನ ಪ್ರಶ್ನೆಗಳು. ಚೊಗರು ಮತ್ತು ಒಗರು ನಿಮ್ಮ ಕಡೆ ಒಂದೇನಾ, ಅಥವಾ ಚೊಗರು ಅಂದ್ರೆ ಜಾಸ್ತಿ ಒಗರಾ? ನಮ್ಮ ಗೆಳೆಯ ಎಳೆ ಬಾಳೆಕಾಯಿಗೆ ಒಗರು ಅಂತಾನೆ, ಹಸಿ ಅಡಿಕೆಗೆ ಚೊಗರು ಅಂತಾನೆ, ಅದಲುಬದಲು ಮಾಡಿದ್ರೆ ಒಪ್ಪೋದಿಲ್ಲ. ದಕ್ಷಿಣ ಕನ್ನಡದ ಕಡೆಯ "ಕನರು" ಇದೇ ರುಚಿನಾ, ಅಥವಾ ಅದರಲ್ಲಿ ಕಮಟು ವಾಸನೆಯ ಅರ್ಥನೂ ಸೇರಿದೆಯಾ? ಕೊನೇದು, ನುಂಗಿದ ಮೇಲೆ ಬಾಯಲ್ಲಿ ನಿಲ್ಲೋ ರುಚಿಗೆ, ಎಲ್ಲರೂ ಆಫ್ಟರ್‌ಟೇಸ್ಟ್ ಅಂತಾರಲ್ಲ ಅದಕ್ಕೆ, ನಿಮ್ಮ ಮನೇಲಿ ಏನಾದ್ರೂ ಪದ ಬಳಕೆಲಿ ಇದೆಯಾ? ಹೊಸದಾಗಿ ಕಟ್ಟಿದ್ದು ಬೇಡ, ಅಜ್ಜಿನೋ ಅತ್ತೆನೋ ಉಪ್ಪಿನಕಾಯಿಗೋ ತಂಬುಳಿಗೋ ಹೇಳಿದ್ದು ನೆನಪಿದ್ರೆ ಯಾವ ಊರು ಅಂತ ಸೇರಿಸಿ ಬರೀರಿ.