ಮಿಕ್ಸಿನ್ ಹಾಕಿದ ಮೇಲೆ ಪೇರೆಂಟ್‌ನ ಸೇವ್ ಓಡುತ್ತಿಲ್ಲ, ನಿಮ್ಮ ಅನುಭವ ಹೇಳಿ

ಉಡುಪಿ: ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜಾಂಗೋದಲ್ಲಿ ಒಂದು ಸಹಕಾರಿ ಸಂಘದ ಬಿಲ್ಲಿಂಗ್ ಮಾಡುತ್ತಿದ್ದೇನೆ. ಬೇಸ್ ಮಾಡೆಲ್‌ನ ಸೇವ್ ಮೆಥಡ್ ರಸೀದಿ ನಂಬರ್ ಹಾಕುತ್ತದೆ. ಯಾರು ಏನು ಬದಲಿಸಿದರು ಅಂತ ಬರೆದಿಡಲು ಲಾಗ್ ಮಿಕ್ಸಿನ್ (ಬೇರೆ ಕ್ಲಾಸಿಗೆ ಜೋಡಿಸುವ ಚಿಕ್ಕ ಕ್ಲಾಸ್) ಸೇರಿಸಿದೆ. ಅದರಲ್ಲೂ ಸೇವ್ ಉಂಟು, ಕೊನೆಯಲ್ಲಿ ಜಾಂಗೋದ ಮೂಲ ಕ್ಲಾಸಿನ ಸೇವ್, ಅಂದರೆ ಮಾಡೆಲ್ಸ್ ಡಾಟ್ ಮಾಡೆಲ್ ಡಾಟ್ ಸೇವ್ ಕರೆಯುತ್ತದೆ. ಈಗ ಬಿಲ್ ಸೇವ್ ಆಗುತ್ತದೆ, ನಂಬರ್ ಮಾತ್ರ ಖಾಲಿ. ಮಿಕ್ಸಿನ್ ಇಟ್ಟುಕೊಳ್ಳಲಾ, ಎಲ್ಲ ಬೇಸ್ ಕ್ಲಾಸಿಗೇ ಹಾಕಲಾ? ಮಾಡಿದವರು ಹೇಳಿ.

ಬಿಜೈ: ಮಿಕ್ಸಿನ್ ಬಿಡಬೇಡಿ, ಪೇರೆಂಟ್ ಕ್ಲಾಸುಗಳನ್ನು ಬರೆದ ಸಾಲು ನೋಡಿ, ಯಾವುದು ಮೊದಲು ಅಂತ. ನಾನು ವಹಿಸಿಕೊಂಡ ಒಂದು ಪ್ರಾಜೆಕ್ಟಿನಲ್ಲಿ ಹಿಂದಿನವರು ಬ್ರಾಕೆಟ್ ಒಳಗೆ ಮೊದಲು ಲಿಸ್ಟ್‌ವ್ಯೂ, ಆಮೇಲೆ ಲಾಗಿನ್‌ರಿಕ್ವೈರ್ಡ್‌ಮಿಕ್ಸಿನ್ (ಲಾಗಿನ್ ಆಗಿದ್ದಾರಾ ಅಂತ ನೋಡುವುದು) ಬರೆದಿದ್ದರು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಆದರೆ ವ್ಯೂನ ಡಿಸ್ಪ್ಯಾಚ್ ಮೆಥಡ್ ಮುಂದಿನ ಕ್ಲಾಸಿಗೆ ದಾಟಿಸುವ ಸೂಪರ್ ಅನ್ನು ಕರೆಯುವುದೇ ಇಲ್ಲ, ಹಾಗಾಗಿ ಬಲಗಡೆ ಕೂತ ಮಿಕ್ಸಿನ್‌ಗೆ ಸರದಿಯೇ ಬರಲಿಲ್ಲ. ಲಾಗಿನ್ ಆಗದವರಿಗೂ ಎಲ್ಲರ ಬಿಲ್ ಕಾಣುತ್ತಿತ್ತು! ಗಿರಾಕಿ ನಲವತ್ತು ಸಾವಿರ ಹಿಡಿದುಕೊಂಡರು, ಅದೂ ನನ್ನ ಬಿಲ್‌ನಿಂದ. ದೀಪಾವಳಿಗೆ ಮನೆಗೆ ಹೋಗಲಿಕ್ಕಾಗಲಿಲ್ಲ, ಸರ್ವರ್ ಲಾಗ್ ತೆಗೆದು ಯಾರ್ಯಾರು ನೋಡಿದ್ದಾರೆ ಅಂತ ಪಟ್ಟಿ ಮಾಡುತ್ತಾ ಕೂತಿದ್ದೆ. ಸರಿ ಮಾಡಿದ್ದು ಎಷ್ಟು? ಎರಡು ಹೆಸರು ಅದಲುಬದಲು. ಇವತ್ತಿಗೂ ಆ ಹಣದ ನೆನಪಾದರೆ ಹೊಟ್ಟೆ ಉರಿಯುತ್ತದೆ.

ಮಣಿಪಾಲ: ನಮ್ಮದು ಪಿಎಚ್‌ಪಿ, ಅದರ ಫ್ರೇಮ್‌ವರ್ಕ್ ಲಾರಾವೆಲ್. ಒಂದು ಯಕ್ಷಗಾನ ಮೇಳದ ಹರಕೆ ಆಟದ ಬುಕ್ಕಿಂಗ್. ಪೇರೆಂಟ್ ಕಂಟ್ರೋಲರ್‌ನ ಸ್ಟೋರ್ ಮೆಥಡ್ ಆ ತಾರೀಕು ಖಾಲಿ ಉಂಟಾ ಅಂತ ನೋಡುತ್ತಿತ್ತು. ಯಾರೋ ಎಸ್ಸೆಮ್ಮೆಸ್ ಕಳಿಸುವ ಟ್ರೇಟ್ (ಪಿಎಚ್‌ಪಿಯ ಮಿಕ್ಸಿನ್ ಅನ್ನಿ) ಸೇರಿಸಿ, ಅದರಲ್ಲೂ ಸ್ಟೋರ್ ಅಂತಲೇ ಹೆಸರಿಟ್ಟರು. ಪಿಎಚ್‌ಪಿಯಲ್ಲಿ ಕ್ಲಾಸಿನದೇ ಮೆಥಡ್ ಮೊದಲು, ಆಮೇಲೆ ಟ್ರೇಟ್, ಕೊನೆಗೆ ಪೇರೆಂಟ್. ತಾರೀಕು ನೋಡುವ ಕೆಲಸವೇ ತಪ್ಪಿಹೋಯಿತು. ಒಂದೇ ರಾತ್ರಿಗೆ ಎರಡು ಮನೆಯವರ ಆಟ! ಒಂದು ಮನೆಯವರು ಕಾಗದ ಅಚ್ಚು ಹಾಕಿಸಿ, ಶಾಮಿಯಾನಕ್ಕೆ ಅಡ್ವಾನ್ಸ್ ಕೊಟ್ಟು, ಊಟಕ್ಕೆ ಹೇಳಿಯೂ ಆಗಿತ್ತು. ಹರಕೆ ಹೊತ್ತವರಿಗೆ ಬೇರೆ ದಿನ ಮಾಡಿ ಅನ್ನಲಿಕ್ಕೆ ಬಾಯಿ ಬರುತ್ತದಾ? ಟ್ರೇಟ್ ಒಳಗೆ ಪೇರೆಂಟ್‌ನ ಸ್ಟೋರ್ ಕರೆದು ಸರಿ ಮಾಡಿದೆವು. ಅದೇ ಟ್ರೇಟನ್ನು ಸ್ಟೋರ್ ಇಲ್ಲದ ಪೇರೆಂಟಿನ ಕ್ಲಾಸಿಗೆ ಹಾಕಿದಾಗ ಅಲ್ಲಿ ಫೇಟಲ್ ಎರರ್. ಟ್ರೇಟ್‌ನಲ್ಲಿ ಪೇರೆಂಟ್ ಅಂದರೆ ಅದನ್ನು ಬಳಸಿದ ಕ್ಲಾಸಿನ ಪೇರೆಂಟ್, ಅದು ಜಾಗಕ್ಕೊಂದು.

ಕುಂದಾಪುರ: ಇನ್ನೂ ಮಿಕ್ಸಿನ್ ಹಿಡ್ಕೊಂಡು ಕೂತಿದ್ದೀರಾ? ಜಾವಾಸ್ಕ್ರಿಪ್ಟಿನ ಫ್ರೇಮ್‌ವರ್ಕ್ ವ್ಯೂ (Vue) 2ರಲ್ಲಿ ನಾವು ಅನುಭವಿಸಿ ಆಯಿತು. ಮೌಂಟೆಡ್‌ನಂಥ ಹುಕ್ (ತಾನಾಗಿ ಓಡುವ ಫಂಕ್ಷನ್) ಆದರೆ ಮಿಕ್ಸಿನ್‌ನದೂ ಕಾಂಪೊನೆಂಟ್‌ನದೂ ಎರಡೂ ಓಡುತ್ತವೆ, ಮೆಥಡ್ ಒಂದೇ ಹೆಸರಿನದಾದರೆ ಕಾಂಪೊನೆಂಟ್‌ನದೇ ಗೆಲ್ಲುತ್ತದೆ, ಇನ್ನೊಂದನ್ನು ಕರೆಯಲು ಸೂಪರ್ ಕೂಡ ಇಲ್ಲ. ವ್ಯೂ 3ಕ್ಕೆ ಬಂದಾಗ ಎಲ್ಲ ಕಿತ್ತು ಸಾದಾ ಫಂಕ್ಷನ್ ಮಾಡಿದೆವು. ಮಳೆಗಾಲ ಪೂರ್ತಿ ಅದೇ ಕೆಲಸ, ಬೇರೆ ಬಿಲ್ ಒಂದೂ ಇಲ್ಲ. ಆದರೂ ಈಗ ನೆಮ್ಮದಿ. ಯಾವುದು ಎಲ್ಲಿಂದ ಬಂತು ಅಂತ ಇಂಪೋರ್ಟ್ ನೋಡಿದರೆ ಸಾಕು.

ಬಿಜೈ: ಅವರು ಕೇಳಿದ್ದು ಪೈಥಾನ್ ಮಾರಾಯ್ರೆ. ಪೈಥಾನ್ 2.3ರಿಂದ ಮೆಥಡನ್ನು ಯಾವ ಕ್ಲಾಸಿನ ನಂತರ ಯಾವುದರಲ್ಲಿ ಹುಡುಕಬೇಕು ಅನ್ನುವುದಕ್ಕೆ ಸಿ3 ಅಂತ ಒಂದು ಖಚಿತ ಕ್ರಮ ಉಂಟು, ಆ ಪಟ್ಟಿಯೇ ಎಂಆರ್‌ಒ, ಎಂಆರ್‌ಒ ಪ್ರಿಂಟ್ ಮಾಡಿದರೆ ಸಾಲು ಕಣ್ಣೆದುರೇ ಬರುತ್ತದೆ. ನಿಮ್ಮ ವ್ಯೂ 2ರಲ್ಲಿ ಸೂಪರ್ ಇಲ್ಲ ಅಂತ ಎಲ್ಲ ಭಾಷೆಯ ಮಿಕ್ಸಿನ್‌ಗೂ ಬೈಯುವುದು ಯಾವ ನ್ಯಾಯ?

ಕುಂದಾಪುರ: ಪ್ರಿಂಟ್ ಮಾಡಿ ನೋಡಿಯೇ ಗೊತ್ತಾಗಬೇಕು ಅಂದರೆ ಕೋಡ್ ಓದಿದವನಿಗೆ ಏನು ಸಿಕ್ಕಿತು? ನಲವತ್ತು ಸಾವಿರ ಹೋದದ್ದು ನಿಮ್ಮದೇ ಅಲ್ವಾ?

ಬಿಜೈ: ಹೋದದ್ದು ಬರೆದವರ ಅಜಾಗ್ರತೆಯಿಂದ. ನನ್ನ ಹಣದ ಮಾತು ತೆಗೆಯಬೇಡಿ.

ಸುರತ್ಕಲ್: ಇಬ್ಬರೂ ಸ್ವಲ್ಪ ನಿಲ್ಲಿಸಿ. ನನ್ನ ಸಿಟ್ಟು ಕಾಲೇಜುಗಳ ಮೇಲೆ. ಡೈಮಂಡ್ ಪ್ರಾಬ್ಲಂ (ಒಂದೇ ಮೂಲ ಕ್ಲಾಸಿಗೆ ಎರಡು ಪೇರೆಂಟ್‌ಗಳ ದಾರಿ ಇದ್ದಾಗಿನ ಗೊಂದಲ) ವೈವಾಗೆ ಬಾಯಿಪಾಠ ಮಾಡಿಸುತ್ತಾರೆ, ನಾಲ್ಕು ಕ್ಲಾಸ್ ಬರೆಸಿ ಓಡಿಸಿ ತೋರಿಸುವುದಿಲ್ಲ. ಕೆಲಸಕ್ಕೆ ಬಂದ ಹುಡುಗರೆಲ್ಲ ಸೂಪರ್ ಅಂದರೆ ಪೇರೆಂಟ್ ಅಂತಲೇ ನಂಬಿರುತ್ತಾರೆ. ಅದು ಕರೆಯುವುದು ಎಂಆರ್‌ಒನಲ್ಲಿ ಮುಂದಿನ ಕ್ಲಾಸನ್ನು. ಮಿಕ್ಸಿನ್ ಬರೆದವನಿಗೆ ಹೆಸರೂ ಗೊತ್ತಿಲ್ಲದ ಕ್ಲಾಸ್ ಆಗಿರಬಹುದು.

ಮಣಿಪಾಲ: ಕಾಲೇಜಿಗೆ ಯಾಕೆ ಬೈಯುತ್ತೀರಿ? ಕಲಿಸಿದ ಮೇಲೂ ಹುಡುಗರು ಬೆಂಗಳೂರಿಗೇ ಹೋಗುತ್ತಾರೆ. ಇಲ್ಲಿ ಕೊಡುವ ಸಂಬಳ ಎಷ್ಟು ಅಂತ ಒಮ್ಮೆ ಬರೆಯಿರಿ ನೋಡುವ.

ಸುರತ್ಕಲ್: ಸಂಬಳದ ಜಗಳ ಬೇರೆ ಕಡೆ ಮಾಡುವ. ಉಡುಪಿಯವರೇ, ನಿಮ್ಮ ಮಿಕ್ಸಿನ್ ಮಾಡೆಲ್ ಹೆಸರು ಹಿಡಿದು ಸೇವ್ ಕರೆಯುತ್ತದಲ್ವಾ, ಅಲ್ಲಿಗೆ ನಡುವಿನ ಬೇಸ್ ಕ್ಲಾಸ್ ದಾಟಿಯೇ ಹೋಯಿತು. ಅದನ್ನು ತೆಗೆದು ಸೂಪರ್ ಹಾಕಿ. ಮಿಕ್ಸಿನ್ ಎಡಗಡೆ ಇರಲಿ. ಆರ್ಗ್ಯುಮೆಂಟ್‌ಗಳನ್ನೂ ಹಾಗೇ ದಾಟಿಸಿ, ಇಲ್ಲದಿದ್ದರೆ ಯಾರಾದರೂ ಅಪ್‌ಡೇಟ್‌ಫೀಲ್ಡ್ಸ್ (ಇಷ್ಟೇ ಫೀಲ್ಡ್ ಸೇವ್ ಮಾಡು ಅನ್ನುವ ಆರ್ಗ್ಯುಮೆಂಟ್) ಕೊಟ್ಟ ದಿನ ಅದೇ ಜಾಗದಲ್ಲಿ ಇನ್ನೊಂದು ಎರರ್ ಬರುತ್ತದೆ.