ಇನ್‌ಫ್ಲೇಷನ್ ನಿಲ್ಲೋದೇ ಇಲ್ಲ ಅಂದ್ರೆ ಪ್ರಾಬಬಿಲಿಟಿ ಹೆಂಗೆ ಲೆಕ್ಕ ಹಾಕೋದು?

ಪ್ರಶ್ನೆ: ಇನ್‌ಫ್ಲೇಷನ್ ಅಂದ್ರೆ ಶುರುವಿನಲ್ಲಿ ಬ್ರಹ್ಮಾಂಡ ಭಾರೀ ವೇಗದಲ್ಲಿ ಹಿಗ್ಗಿತು ಅನ್ನೋ ಥಿಯರಿ. ಅದು ಎಂದೂ ಪೂರ್ತಿ ಮುಗಿಯದ ಎಟರ್ನಲ್ ಇನ್‌ಫ್ಲೇಷನ್‌ನಲ್ಲಿ ಹಿಗ್ಗೋದು ಒಂದ್ಕಡೆ ನಿಂತು ನಮ್ಮಂಥ ಬ್ರಹ್ಮಾಂಡ ಹುಟ್ಟಿದ್ರೂ ಉಳಿದ ಕಡೆ ನಡೀತಾನೇ ಇರುತ್ತೆ, ಹಂಗಾಗಿ ಆಗಬಹುದಾದ್ದೆಲ್ಲ ಅನಂತ ಸಲ ಆಗುತ್ತೆ ಅಂತಾರಲ್ಲ, ಆಗ ‘ಇಂಥದ್ದು ಜಾಸ್ತಿ, ಇಂಥದ್ದು ಅಪರೂಪ’ ಅನ್ನೋಕೆ ಅರ್ಥ ಏನು? ಅನಂತನ ಅನಂತದಿಂದ ಭಾಗಿಸೋಕಾಗಲ್ವಲ್ಲ.

ಉತ್ತರ 1: ಸರಿಯಾದ ಜಾಗಕ್ಕೇ ಕೈ ಹಾಕಿದೀರ, ಇದನ್ನೇ ಮೆಷರ್ ಪ್ರಾಬ್ಲಂ ಅನ್ನೋದು. 1, 2, 3, 4 ಅಂತ ಎಣಿಸಿದ್ರೆ ಸಮಸಂಖ್ಯೆ ಅರ್ಧ. ಅದೇ ಸಂಖ್ಯೆಗಳನ್ನ 1, 3, 2, 5, 7, 4, 9, 11, 6 ಅಂತ ಜೋಡಿಸಿ, ಒಂದೂ ಬಿಟ್ಟುಹೋಗಲ್ಲ, ಆದ್ರೆ ಸಮಸಂಖ್ಯೆ ಮೂರರಲ್ಲಿ ಒಂದು ಭಾಗ ಅಷ್ಟೇ! ಉತ್ತರ ಎಣಿಸೋ ಕ್ರಮದಲ್ಲೇ ಇದೆ.

ಉತ್ತರ 2: ಅದಕ್ಕೇ ಒಂದು ಕಾಲದ ಗೆರೆ ಎಳೆದು, ಅಲ್ಲೀವರೆಗೆ ಎಣಿಸಿ, ಆಮೇಲೆ ಗೆರೇನ ಅನಂತಕ್ಕೆ ತಳ್ತಾರೆ. ಮಾಮೂಲಿ ಗಡಿಯಾರದ ಕಾಲ ತಗೊಂಡ್ರೆ ಹೊಸದಾಗಿ ಹುಟ್ಟೋವು ಎಷ್ಟು ವೇಗವಾಗಿ ಹೆಚ್ತವೆ ಅಂದ್ರೆ ನಮ್ಮದಕ್ಕಿಂತ ಒಂದೇ ಸೆಕೆಂಡ್ ಕಡಿಮೆ ವಯಸ್ಸಿನ ಬ್ರಹ್ಮಾಂಡಗಳೇ ಊಹೆಗೂ ಸಿಗದಷ್ಟು ಜಾಸ್ತಿ, ಆಗ ನಾವು 1380 ಕೋಟಿ ವರ್ಷದ ಬ್ರಹ್ಮಾಂಡದಲ್ಲಿ ಇರೋದೇ ಅಸಾಧ್ಯ ಅನ್ನೋ ಹಾಗೆ ಆಗುತ್ತೆ. ಯಂಗ್‌ನೆಸ್ ಪ್ಯಾರಡಾಕ್ಸ್ ಇದು. ಗಡಿಯಾರದ ಬದಲು ಸ್ಕೇಲ್ ಫ್ಯಾಕ್ಟರ್, ಅಂದ್ರೆ ಜಾಗ ಎಷ್ಟು ಪಟ್ಟು ಹಿಗ್ಗಿದೆ ಅನ್ನೋದರ ಮೇಲೆ ಗೆರೆ ಎಳೆದ್ರೆ ಈ ಕಾಟ ಇಲ್ಲ.

ಪ್ರಶ್ನೆ ಕೇಳಿದವರು: ನಮಗೆ ಬೇಕಾದ ಉತ್ತರ ಬರೋ ಗೆರೇನೇ ಆರಿಸ್ಕೊಂಡ ಹಾಗಾಗಲ್ವಾ?

ಉತ್ತರ 1: ನನಗೂ ಅದೇ ಚುಚ್ಚೋದು. ಇನ್‌ಫ್ಲೇಷನ್ ಕಟ್ಟಿದವರಲ್ಲಿ ಒಬ್ಬರಾದ ಪಾಲ್ ಸ್ಟೈನ್‌ಹಾರ್ಟ್ ಇದೇ ಕಾರಣಕ್ಕೆ ಈಗ ಅದರ ಕಟು ಟೀಕಾಕಾರರು. ಅದನ್ನ ಕಟ್ಟಿದ ಇನ್ನಿಬ್ಬರು, ಗುತ್ ಮತ್ತು ಲಿಂಡೆ ಮಾತ್ರ ಇದು ಬಿಡಿಸಬೇಕಾದ ಲೆಕ್ಕ, ಥಿಯರಿ ಬಿಡೋಕೆ ಕಾರಣ ಅಲ್ಲ ಅಂತಾರೆ.